ನೂರು ಗಂಟೆಯ ಲೆಕ್ಕ: ಲೈಫ್ ಕೋಚ್ ಆಗಲು ಹೊರಟವರಿಗೆ

ಲೈಫ್ ಕೋಚ್ ಎಂದರೆ ಸಲಹೆ ಕೊಡುವ ಬದಲು ಪ್ರಶ್ನೆ ಕೇಳುತ್ತ, ಎದುರಿನವರು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳಲು ನೆರವಾಗುವವರು. ಭಾರತದಲ್ಲಿ ಹಾಗೆಂದು ಬೋರ್ಡು ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ಹೆಸರು ನೋಂದಾಯಿಸಿರಬೇಕು. ಕೋಚ್‌ಗೆ ಅಂಥ ಕೌನ್ಸಿಲ್ಲೂ ಇಲ್ಲ, ಲೈಸೆನ್ಸೂ ಇಲ್ಲ. ಬೆಳಿಗ್ಗೆ ಮನಸ್ಸು ಮಾಡಿದವರು ಸಂಜೆಯೊಳಗೆ ಇನ್‌ಸ್ಟಾಗ್ರಾಂ ಬಯೋ ಬದಲಾಯಿಸಿ ಕೋಚ್ ಆಗಬಹುದು, ಆಗುತ್ತಲೂ ಇದ್ದಾರೆ. ಕಷ್ಟ ಇರುವುದು ಬೋರ್ಡು ಹಾಕಿದ ಮೇಲೆ. ದುಡ್ಡು ಕೊಟ್ಟು ಬಂದವರು ಮೂರನೇ ಸೆಷನ್‌ಗೂ ಬರಬೇಕು, ಆರನೆಯದು ಮುಗಿದ ಮೇಲೆ ಇನ್ನೊಬ್ಬರಿಗೆ ನಂಬರ್ ಕೊಡಬೇಕು. ಅಷ್ಟು ಮಾಡಿಸಿಕೊಳ್ಳುವ ಕೆಲಸಗಾರಿಕೆ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಆ ದಾರಿ ನಡೆದವರಾಗಿ ಇಲ್ಲಿ ಬರೆಯುತ್ತಿದ್ದೇವೆ.

ಲೈಸೆನ್ಸ್ ಇಲ್ಲದ ಕಡೆ ಮಾರುಕಟ್ಟೆ ತಾನೇ ಒಂದು ಅಳತೆಗೋಲು ಹುಡುಕಿಕೊಳ್ಳುತ್ತದೆ. ಕೋಚಿಂಗ್‌ನಲ್ಲಿ ಅದು ಹೆಚ್ಚಾಗಿ ಐಸಿಎಫ್, ಅಂದರೆ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್. ಅಮೆರಿಕದಲ್ಲಿ ಹಣಕಾಸು ಸಲಹೆಗಾರನಾಗಿದ್ದ ಥಾಮಸ್ ಲಿಯೊನಾರ್ಡ್ 1995ರಲ್ಲಿ ಕಟ್ಟಿದ ಸಂಸ್ಥೆ ಇದು. ಯುರೋಪಿನ ಕಡೆ ಇಎಂಸಿಸಿ (ಯುರೋಪಿಯನ್ ಮೆಂಟರಿಂಗ್ ಅಂಡ್ ಕೋಚಿಂಗ್ ಕೌನ್ಸಿಲ್) ಎಂಬ ಸಂಸ್ಥೆಗೂ ಬೆಲೆ ಇದೆ. ಆದರೆ ಬೆಂಗಳೂರಿನ ಕಂಪನಿಗಳ ಎಚ್‌ಆರ್ ಮೊದಲು ಕೇಳುವ ಮೂರಕ್ಷರ ಐಸಿಎಫ್ ಕೊಡುವ ಎಸಿಸಿ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) ಅಥವಾ ಪಿಸಿಸಿ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್). ಹಾಗಾಗಿ ಆ ದಾರಿಯನ್ನೇ ಹಿಡಿದು ಹೇಳುತ್ತೇವೆ.

ಐಸಿಎಫ್‌ನದು ಮೂರು ಮೆಟ್ಟಿಲು. ಎಸಿಸಿಗೆ ಕನಿಷ್ಠ 60 ಗಂಟೆಯ ಕೋಚಿಂಗ್ ಶಿಕ್ಷಣ, 10 ಗಂಟೆ ಮೆಂಟರ್ ಕೋಚಿಂಗ್ (ಅನುಭವಿ ಕೋಚ್ ಒಬ್ಬರು ನಿಮ್ಮ ಸೆಷನ್ ಕೇಳಿ ತಿದ್ದುವುದು), 100 ಗಂಟೆ ಕೋಚಿಂಗ್ ಅನುಭವ ಮತ್ತು ಒಂದು ಪರೀಕ್ಷೆ. ಆ 100 ಗಂಟೆಯಲ್ಲಿ 75 ಶುಲ್ಕ ಪಡೆದವಾಗಿರಬೇಕು, ಕನಿಷ್ಠ 8 ಕ್ಲೈಂಟ್‌ಗಳಿರಬೇಕು. ಪಿಸಿಸಿಗೆ ಶಿಕ್ಷಣ 125 ಗಂಟೆ. ಅನುಭವ 500 ಗಂಟೆ, ಅದರಲ್ಲಿ 450 ಶುಲ್ಕದ್ದು, ಕ್ಲೈಂಟ್‌ಗಳು 25. ಎಂಸಿಸಿಗೆ (ಮಾಸ್ಟರ್ ಸರ್ಟಿಫೈಡ್ ಕೋಚ್) 200 ಗಂಟೆ ಶಿಕ್ಷಣ, 2,500 ಗಂಟೆ ಅನುಭವ, ಮೊದಲು ಪಿಸಿಸಿ ಆಗಿರಲೇಬೇಕು. ಹೊಸಬರು ಎಂಸಿಸಿಯ ಯೋಚನೆಯನ್ನು ಸದ್ಯಕ್ಕೆ ಬಿಟ್ಟರೂ ನಷ್ಟವಿಲ್ಲ.

ಮೊದಲ ಕೆಲಸ, ಶಾಲೆ ಆರಿಸುವುದು. ಮೋಸ ಹೋಗುವುದೂ ಹೆಚ್ಚಾಗಿ ಇಲ್ಲಿಯೇ. 99 ರೂಪಾಯಿಯ ಭಾನುವಾರದ ವೆಬಿನಾರ್, ಕೊನೆಯ ಇಪ್ಪತ್ತು ನಿಮಿಷದಲ್ಲಿ "ಇವತ್ತು ರಾತ್ರಿಯೊಳಗೆ ಸೇರಿದರೆ ಮಾತ್ರ" ಎಂಬ ರಿಯಾಯಿತಿ, ಎರಡು ದಿನದ ತರಬೇತಿ, ಗೋಡೆಗೆ ಹಾಕುವ ಸರ್ಟಿಫಿಕೇಟು. ಇಂಥವುಗಳಲ್ಲಿ ಕಲಿಸುವುದು ಬಹುಪಾಲು ಕೋಚಿಂಗ್ ಅಲ್ಲ, ಅದೇ ಬಗೆಯ ವೆಬಿನಾರ್ ಮಾರುವ ಕಲೆ. ಕೇಳಬೇಕಾದ ಪ್ರಶ್ನೆಗಳು ಇಷ್ಟು: ಇದು ಐಸಿಎಫ್‌ನ ಲೆವೆಲ್ 1 (ಎಸಿಸಿಯ ದಾರಿ) ಅಥವಾ ಲೆವೆಲ್ 2 (ಪಿಸಿಸಿಯ ದಾರಿ) ಮಾನ್ಯತೆ ಪಡೆದ ಕಾರ್ಯಕ್ರಮವೇ? ಹತ್ತು ಗಂಟೆ ಮೆಂಟರ್ ಕೋಚಿಂಗ್ ಶುಲ್ಕದಲ್ಲಿ ಸೇರಿದೆಯೇ? ಕಲಿಯುವಾಗ ನನ್ನ ಎಷ್ಟು ಸೆಷನ್‌ಗಳನ್ನು ಗಮನಿಸಿ ಬರಹದಲ್ಲಿ ಅಭಿಪ್ರಾಯ ಕೊಡುತ್ತೀರಿ? ಕೊನೆಯ ಮೌಲ್ಯಮಾಪನ, ಅಂದರೆ ನಾನು ನಡೆಸಿದ ಸೆಷನ್ ಕೇಳಿ ಅಳೆಯುವುದನ್ನು, ನೀವೇ ಮಾಡುತ್ತೀರಾ? ನಾನು ಫೇಲಾದರೆ ಮುಂದೇನು? "ಐಸಿಎಫ್ ಸಿಸಿಇ ಮಾನ್ಯತೆ" ಎಂದು ದಪ್ಪಕ್ಷರದಲ್ಲಿ ಹಾಕಿಕೊಂಡವರ ಬಗ್ಗೆ ಎಚ್ಚರ ಬೇಕು. ಸಿಸಿಇ ಎಂಬುದು ಆಗಲೇ ಕೋಚ್ ಆಗಿರುವವರ ಮುಂದುವರಿದ ಶಿಕ್ಷಣಕ್ಕೆ ಸಿಗುವ ಮಾನ್ಯತೆ, ಲೆವೆಲ್ 1 ಅಲ್ಲ. ಶಾಲೆಯ ಹೆಸರನ್ನು ಐಸಿಎಫ್‌ನ ಜಾಲತಾಣದ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ಅವರು ಕಳಿಸಿದ ಲೋಗೋ ನಂಬಬೇಡಿ.

ಮಾನ್ಯತೆಯಿಲ್ಲದ ಕಡೆ ಕಲಿತವರಿಗೂ ಪೋರ್ಟ್‌ಫೋಲಿಯೊ ಎಂಬ ಬೇರೆ ದಾರಿ ಇದೆ. ಅದರಲ್ಲಿ ಕಲಿತದ್ದಕ್ಕೆಲ್ಲ ದಾಖಲೆ ಒದಗಿಸಬೇಕು, ಸೆಷನ್ನಿನ ರೆಕಾರ್ಡಿಂಗ್ ಮತ್ತು ಪದಶಃ ಬರೆದ ಪ್ರತಿಯನ್ನು ಐಸಿಎಫ್‌ಗೇ ಕಳಿಸಬೇಕು, ಅರ್ಜಿ ಶುಲ್ಕವೂ ಹೆಚ್ಚು. ಕಡಿಮೆ ದುಡ್ಡಿನ ಕೋರ್ಸು ಕೊನೆಗೆ ದುಬಾರಿಯಾಗುವುದು ಹೀಗೆ. ಮಾನ್ಯತೆ ಇರುವ ಲೆವೆಲ್ 1 ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಲಕ್ಷದ ಮೇಲೆಯೇ ಆಗುತ್ತದೆ. ಸಾಲ ಮಾಡಿ ಸೇರಬೇಡಿ ಎಂಬುದು ನಮ್ಮ ಖಚಿತ ಮಾತು. ಕಂತು ಕಟ್ಟುವ ಒತ್ತಡದಲ್ಲಿರುವವರು ಕ್ಲೈಂಟ್ ಬೇಕೆಂಬ ಆತುರವನ್ನು ಸೆಷನ್ನಿನ ಒಳಗೂ ತರುತ್ತಾರೆ, ಎದುರಿನವರಿಗೆ ಅದು ತಿಳಿದುಬಿಡುತ್ತದೆ.

ತರಗತಿಯಲ್ಲಿ ಕಲಿಸುವ ಚೌಕಟ್ಟುಗಳು ಸುಲಭ. ಗ್ರೋ ಎಂಬ ಮಾದರಿಯನ್ನು ಎಲ್ಲರೂ ಮೊದಲ ವಾರವೇ ಬಾಯಿಪಾಠ ಮಾಡುತ್ತಾರೆ: ಗುರಿ ಏನು, ಈಗಿನ ಸ್ಥಿತಿ ಏನು, ದಾರಿಗಳು ಯಾವುವು, ಮಾಡುವುದೇನು. ಐಸಿಎಫ್‌ನ ಎಂಟು ಸಾಮರ್ಥ್ಯಗಳ ಪಟ್ಟಿಯೂ ಓದಲು ಸರಳ: ನೈತಿಕತೆ, ಕೋಚಿಂಗ್ ಮನೋಭಾವ, ಒಪ್ಪಂದ, ವಿಶ್ವಾಸ, ಪೂರ್ತಿ ಗಮನ, ಆಲಿಸುವುದು, ಅರಿವು ಮೂಡಿಸುವುದು, ಕ್ಲೈಂಟ್‌ನ ಬೆಳವಣಿಗೆಗೆ ನೆರವಾಗುವುದು. ಬೆವರು ಬರುವುದು ಇವನ್ನು ಒಂದು ಗಂಟೆಯ ಮಾತುಕತೆಯಲ್ಲಿ ಕಾಣಿಸಬೇಕಾದಾಗ.

ಒಂದು ತುಣುಕು ನೋಡಿ. ಮೂವತ್ತರ ಆಸುಪಾಸಿನ ಟೀಮ್ ಲೀಡ್ ಒಬ್ಬರು ಬಂದು ಕೂತು ಹೇಳುತ್ತಾರೆ: "ಕೆಲಸ ಬಿಟ್ಬಿಡೋಣ ಅನ್ನಿಸ್ತಿದೆ ಮೇಡಂ. ಆದ್ರೆ ಮನೆ ಲೋನ್ ಇದೆ."

ಹೊಸ ಕೋಚ್ ಬಾಯಿಂದ ಬರುವುದು: "ಆರು ತಿಂಗಳ ಖರ್ಚಿಗೆ ಆಗೋಷ್ಟು ಎತ್ತಿಟ್ಕೊಂಡು ಬಿಡಬಹುದಲ್ವಾ? ಇಲ್ಲಾ ಬೇರೆ ಟೀಮ್ ಕೇಳಿ ನೋಡಿದ್ರಾ? ಮನೆಯವರು ಏನಂತಾರೆ?"

ಕಾಳಜಿಯ ಮಾತೇ, ಸಂಶಯವಿಲ್ಲ. ಆದರೆ ಇದರಲ್ಲಿ ಎರಡು ಸಲಹೆಗಳು ಪ್ರಶ್ನೆಯ ವೇಷ ಹಾಕಿಕೊಂಡು ಬಂದಿವೆ. ಒಟ್ಟಿಗೆ ಮೂರು ಪ್ರಶ್ನೆ ಬಿದ್ದದ್ದರಿಂದ ಕ್ಲೈಂಟ್ ಸುಲಭವಾದ ಕೊನೆಯದಕ್ಕೆ ಉತ್ತರ ಕೊಡುತ್ತಾರೆ, ಮಾತು ಮನೆಯವರ ಕಡೆ ಹರಿದು ಅರ್ಧ ಗಂಟೆ ಹೋಗುತ್ತದೆ. ಇವತ್ತು ಮಾತಾಡಬೇಕಾದ ವಿಷಯ ಯಾವುದು ಎಂದು ಮಾತ್ರ ಯಾರೂ ಕೇಳಲಿಲ್ಲ.

ಪಳಗಿದವರು ಹೀಗೆ ಹೋಗುತ್ತಾರೆ: "ಬಿಟ್ಬಿಡೋಣ ಅನ್ನಿಸ್ತಿದೆ ಅಂದ್ರಿ, ಲೋನ್ ಇದೆ ಅಂದ್ರಿ. ಇವತ್ತು ನಮ್ಮ ಹತ್ರ ಇರೋ ಒಂದು ಗಂಟೇಲಿ ಯಾವುದರ ಬಗ್ಗೆ ಮಾತಾಡಿದ್ರೆ ನಿಮಗೆ ಉಪಯೋಗ?"

ಇಷ್ಟು ಕೇಳಿ ಬಾಯಿ ಮುಚ್ಚಿಕೊಳ್ಳಬೇಕು. ಏಳೆಂಟು ಸೆಕೆಂಡು ಮೌನ ಬರುತ್ತದೆ. ಹೊಸಬರಿಗೆ ಅದು ತಡೆಯಲಾಗದಷ್ಟು ಉದ್ದ ಅನ್ನಿಸಿ, ತಾವೇ ಪ್ರಶ್ನೆಯನ್ನು ಬಿಡಿಸಿ ಹೇಳಲು ಹೋಗಿ ಕೆಡಿಸುತ್ತಾರೆ. ಕಾದರೆ ಉತ್ತರ ಬರುತ್ತದೆ: "ಅಲ್ಲ... ನಿಜ ಹೇಳ್ಬೇಕಂದ್ರೆ ತೊಂದ್ರೆ ಕೆಲಸದ್ದಲ್ಲ ಮೇಡಂ. ಮೀಟಿಂಗಲ್ಲಿ ಮ್ಯಾನೇಜರ್ ನನ್ನ ಮಾತು ಮುಗಿಸೋಕೇ ಬಿಡಲ್ಲ." ಸೆಷನ್ನಿನ ವಿಷಯ ಈಗ ಸಿಕ್ಕಿತು. ಲೋನಿನ ಲೆಕ್ಕ ಹಾಕುತ್ತ ಕೂತಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ.

ಸೆಷನ್ನಿನ ಮೊದಲ ಹತ್ತು ನಿಮಿಷ ಹೀಗೆ ಒಪ್ಪಂದಕ್ಕೇ ಮೀಸಲು. ವಿಷಯ ಯಾವುದು, ಮುಗಿಯುವ ಹೊತ್ತಿಗೆ ಕೈಯಲ್ಲಿ ಏನಿದ್ದರೆ ಬಂದದ್ದು ಸಾರ್ಥಕ, ಅದು ಇವರಿಗೆ ಈಗ ಯಾಕೆ ಮುಖ್ಯ, ಸಿಕ್ಕಿತೆಂದು ಇವರಿಗೆ ಹೇಗೆ ಗೊತ್ತಾಗುತ್ತದೆ. ಈ ನಾಲ್ಕೂ ಕ್ಲೈಂಟ್‌ನ ಬಾಯಲ್ಲೇ ಬರಬೇಕು. ಮೌಲ್ಯಮಾಪನದಲ್ಲಿ ಫೇಲಾದ ಸೆಷನ್‌ಗಳನ್ನು ಕೇಳಿದರೆ ಬಹಳಷ್ಟರಲ್ಲಿ ದೋಷ ಇಲ್ಲಿಯೇ ಸಿಗುತ್ತದೆ: ಕೋಚ್‌ಗೆ ಸಮಸ್ಯೆ ಅರ್ಥವಾದಂತೆ ಅನ್ನಿಸಿದೆ, ಪರಿಹಾರದತ್ತ ಓಡಿದ್ದಾರೆ. ಇನ್ನುಳಿದ ದೋಷಗಳೂ ಎಲ್ಲರವೂ ಒಂದೇ ಬಗೆ. ಕೋಚ್ ಅರ್ಧಕ್ಕಿಂತ ಹೆಚ್ಚು ಹೊತ್ತು ಮಾತಾಡುವುದು. ಎರಡು ನಿಮಿಷಕ್ಕೊಮ್ಮೆ "ಅಂದ್ರೆ ನೀವು ಹೇಳ್ತಿರೋದು..." ಎಂದು ಸಾರಾಂಶ ಹೇಳುವುದು. ಕ್ಲೈಂಟ್ "ಸುಸ್ತಾಗಿದೆ" ಅಂದದ್ದನ್ನು ಕೋಚ್ "ನಿಮಗೆ ಭಯ ಇದೆ" ಎಂದು ತಿರುಗಿಸುವುದು. ಕೊನೆಯಲ್ಲಿ ಮೇಷ್ಟ್ರ ಥರ ಹೋಂವರ್ಕ್ ಕೊಡುವುದು.

ಕನ್ನಡದಲ್ಲಿ ಕೋಚಿಂಗ್ ಮಾಡುವವರಿಗೆ ತರಗತಿಯಲ್ಲಿ ಯಾರೂ ಹೇಳಿಕೊಡದ ಕೆಲವು ಸಂಗತಿಗಳಿವೆ. ನಮ್ಮಲ್ಲಿ ತಿಳಿದವರ ಹತ್ತಿರ ಹೋಗುವುದೇ ಸಲಹೆಗೆ. "ನೀವೇ ಹೇಳಿ ಸರ್, ಅದಕ್ಕೇ ತಾನೆ ಬಂದಿರೋದು" ಎಂದು ಎರಡನೇ ಸೆಷನ್ನಿನೊಳಗೆ ಹೆಚ್ಚಿನವರು ಕೇಳಿಯೇ ಕೇಳುತ್ತಾರೆ. "ನಾನು ಸಲಹೆ ಕೊಡುವುದಿಲ್ಲ" ಎಂದು ಒಣ ನಿಯಮ ಒಪ್ಪಿಸಿದರೆ ಅವರಿಗೆ ಅವಮಾನ. "ಹೇಳ್ಬಹುದು ಸರ್. ಆದ್ರೆ ನಿಮ್ಮ ಮನೆ, ನಿಮ್ಮ ಆಫೀಸು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೊದಲು ನಿಮಗೆ ಏನೇನು ಹೊಳೆದಿದೆ ನೋಡೋಣ" ಎಂದರೆ ಒಪ್ಪುತ್ತಾರೆ. "ಯಾಕೆ ಮಾಡ್ಲಿಲ್ಲ?" ಎಂಬುದು ನಮ್ಮ ಕಿವಿಗೆ ವಿಚಾರಣೆಯಂತೆ ಕೇಳುತ್ತದೆ, ಸಮಜಾಯಿಷಿ ಶುರುವಾಗುತ್ತದೆ. "ಏನು ಅಡ್ಡ ಬಂತು?" ಎಂದರೆ ವಿಷಯ ಹೊರಬರುತ್ತದೆ. ವಯಸ್ಸಿನಲ್ಲಿ ಹಿರಿಯರಾದ ಕ್ಲೈಂಟ್ ಮಾತು ನಡುವೆ ಕತ್ತರಿಸಬೇಕಾದರೆ "ಒಂದು ನಿಮಿಷ ಸರ್, ಈ ಮಾತು ಹಿಡ್ಕೊಳ್ಳೋಣ" ಎಂದು ಅನುಮತಿ ಕೇಳಿಯೇ ಮಾಡಬೇಕು. ಇನ್ನು ಸೆಷನ್ನಿನ ಕೊನೆಗೆ ಬರುವ "ನೋಡ್ತೀನಿ ಸರ್", "ಟ್ರೈ ಮಾಡ್ತೀನಿ". ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಹತ್ತಿರ, ಮೊದಲ ವಾಕ್ಯ ಏನು ಎಂದು ಕೇಳಿ. "ಗುರುವಾರ ಒನ್-ಆನ್-ಒನ್‌ನಲ್ಲಿ ಮ್ಯಾನೇಜರ್‌ಗೆ ಹೇಳ್ತೀನಿ" ಎಂಬಲ್ಲಿಗೆ ಬಂದರೆ ಕೆಲಸ ಆಗುವ ಸಾಧ್ಯತೆ ಇದೆ. "ಮನೇಲಿ ಒಂದು ಮಾತು ಕೇಳ್ಬೇಕು" ಎಂದರೆ ಅದು ನುಣುಚಿಕೊಳ್ಳುವುದೇ ಆಗಿರಬೇಕಿಲ್ಲ. ಕೂಡು ಕುಟುಂಬದ ಅಂಗಡಿ ನಡೆಸುವವರಿಗೆ ಅಪ್ಪನನ್ನು ಕೇಳದೆ ಹೆಜ್ಜೆ ಇಡುವುದು ಸಾಧ್ಯವೇ ಇಲ್ಲ. ಆಗ ಅಪ್ಪನ ಹತ್ತಿರ ಆಡುವ ಮಾತನ್ನೇ ಮುಂದಿನ ಹೆಜ್ಜೆ ಮಾಡಿಕೊಳ್ಳಬೇಕು.

ಈಗ ಗಂಟೆಗಳ ಲೆಕ್ಕ. ತರಬೇತಿ ಆರಂಭವಾದ ದಿನದಿಂದ ಮಾಡಿದ ಕೋಚಿಂಗ್ ಮಾತ್ರ ಎಣಿಕೆಗೆ ಬರುತ್ತದೆ. ಅದಕ್ಕೂ ಮೊದಲು ಹತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ್ದರೂ ಸೊನ್ನೆ. ತರಬೇತಿ ಕೊಟ್ಟದ್ದು, ಮೆಂಟರಿಂಗ್, ಕನ್ಸಲ್ಟಿಂಗ್ ಕೂಡ ಸೇರುವುದಿಲ್ಲ. ಲಾಗ್ ಎಂಬುದು ಒಂದು ಎಕ್ಸೆಲ್ ಹಾಳೆ: ಕ್ಲೈಂಟ್ ಹೆಸರು, ಇಮೇಲ್, ಒಬ್ಬರೋ ಗುಂಪೋ, ಶುರುವಾದ ತಾರೀಕು, ಮುಗಿದ ತಾರೀಕು, ಶುಲ್ಕದ ಗಂಟೆ, ಉಚಿತ ಗಂಟೆ. ಹೆಸರು ದಾಖಲಿಸುವ ಬಗ್ಗೆ ಕ್ಲೈಂಟ್‌ನ ಒಪ್ಪಿಗೆ ಮೊದಲೇ ಪಡೆದಿರಬೇಕು. ಒಪ್ಪಂದದ ಪತ್ರದಲ್ಲೇ ಒಂದು ಸಾಲು ಸೇರಿಸಿದರೆ ಆಯಿತು. ಸೆಷನ್ ಮುಗಿದ ದಿನವೇ ತುಂಬಿ. ಎಂಟು ತಿಂಗಳ ಬಳಿಕ ವಾಟ್ಸ್ಆ್ಯಪ್ ಮೆಸೇಜು ಕೆದಕುತ್ತ ತಾರೀಕು ಹುಡುಕುವ ಪಾಡು ಬೇಡ. ಅರ್ಧ ಗಂಟೆಯ ಸೆಷನ್ ಅರ್ಧ ಗಂಟೆಯಾಗಿಯೇ ಬರೆಯಬೇಕು. ಹದಿನೈದು ಜನರವರೆಗಿನ ಗುಂಪಿಗೆ ಒಂದು ಗಂಟೆ ಕೋಚಿಂಗ್ ಮಾಡಿದರೆ ಅದೂ ಒಂದೇ ಗಂಟೆ, ಹದಿನೈದಲ್ಲ.

ಶುಲ್ಕದ 75 ಗಂಟೆ ಎಂದೊಡನೆ ಹೊಸಬರು ಗಾಬರಿಯಾಗುತ್ತಾರೆ. ಮೊತ್ತ ಇಷ್ಟೇ ಇರಬೇಕೆಂಬ ನಿಯಮ ಇಲ್ಲ, ವಸ್ತು ಅಥವಾ ಸೇವೆಯ ವಿನಿಮಯವೂ ನಡೆಯುತ್ತದೆ. ಆದರೂ ಮೊದಲ ಮೂರ್ನಾಲ್ಕು ಜನರನ್ನು ಬಿಟ್ಟು ಉಚಿತ ಮಾಡಬೇಡಿ. ನಿಯಮಕ್ಕಿಂತ ಹೆಚ್ಚಾಗಿ ಇದರ ಹಿಂದೆ ಅನುಭವ ಇದೆ: ಪುಕ್ಕಟೆ ಕ್ಲೈಂಟ್ ಮೂರನೇ ಸೆಷನ್‌ಗೆ "ಇವತ್ತು ಸ್ವಲ್ಪ ಬಿಜಿ" ಎನ್ನುತ್ತಾರೆ. 500 ರೂಪಾಯಿ ಯುಪಿಐ ಮಾಡಿದವರು ಬರುತ್ತಾರೆ. ಒಬ್ಬರಿಗೆ ಆರು ಸೆಷನ್ನಿನ ಲೆಕ್ಕದಲ್ಲಿ ನೂರು ಗಂಟೆಗೆ ಸುಮಾರು ಹದಿನೇಳು ಜನ ಬೇಕು. ವಾರಕ್ಕೆ ಮೂರು ಸೆಷನ್ ಸಿಕ್ಕರೆ ಎಂಟು ತಿಂಗಳು. ನೌಕರಿ ಮಾಡುತ್ತಲೇ ಸಾಗಬಹುದಾದ ವೇಗ ಇದು. 75 ಗಂಟೆಗೆ ಸರಾಸರಿ 1,500 ರೂಪಾಯಿ ಬಂದರೆ 1,12,500. ಹೆಚ್ಚುಕಡಿಮೆ ತರಬೇತಿಗೆ ಹಾಕಿದ್ದು ಅಷ್ಟೇ ವಾಪಸು ಬಂದ ಹಾಗೆ. ಮೊದಲ ವರ್ಷ ಇದರಿಂದ ಸಂಸಾರ ನಡೆಯುತ್ತದೆಂದು ಲೆಕ್ಕ ಹಾಕಿ ನೌಕರಿಗೆ ರಾಜೀನಾಮೆ ಬರೆಯಬಾರದು.

ಮೊದಲ ಹದಿನೇಳು ಜನ ಎಲ್ಲಿಂದ ಬರುತ್ತಾರೆ? ಜಾಹೀರಾತಿನಿಂದಂತೂ ಅಲ್ಲ. ಹಳೆಯ ಸಹೋದ್ಯೋಗಿಗಳು, ಕಾಲೇಜಿನ ಗುಂಪು, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪು, ಅವರ ಪರಿಚಯದವರು. ನೆಂಟರನ್ನು, ಆಪ್ತ ಗೆಳೆಯರನ್ನು ಮಾತ್ರ ಕ್ಲೈಂಟ್ ಮಾಡಿಕೊಳ್ಳಬೇಡಿ. ಭಾವನ ಗುಟ್ಟು ಕೇಳಿಸಿಕೊಂಡ ಮೇಲೆ ಅಕ್ಕನ ಮನೆ ಊಟಕ್ಕೆ ಹೋಗುವುದು ಕಷ್ಟ.

"ಎಲ್ಲರಿಗೂ ಎಲ್ಲ ವಿಷಯಕ್ಕೂ ಕೋಚ್" ಎಂದು ಹಾಕಿಕೊಂಡವರನ್ನು ಯಾರೂ ನೆನಪಿಡುವುದಿಲ್ಲ. ಮಗು ಹುಟ್ಟಿದ ಮೇಲೆ ಮತ್ತೆ ಕೆಲಸಕ್ಕೆ ಮರಳುವ ಹೆಂಗಸರು, ಮೊದಲ ಸಲ ಮ್ಯಾನೇಜರ್ ಆದ ಇಂಜಿನಿಯರ್‌ಗಳು, ಬ್ಯಾಂಕಿನಿಂದ ನಿವೃತ್ತಿಯ ಅಂಚಿನಲ್ಲಿರುವವರು, ಹುಬ್ಬಳ್ಳಿ ದಾವಣಗೆರೆ ಕಡೆ ಅಪ್ಪನ ವ್ಯಾಪಾರ ವಹಿಸಿಕೊಳ್ಳುತ್ತಿರುವ ಎರಡನೇ ತಲೆಮಾರು: ಇಂಥ ಒಂದು ಗುಂಪು ಹಿಡಿದರೆ ಒಬ್ಬರು ಇನ್ನೊಬ್ಬರಿಗೆ ಹೇಳುವುದು ಸುಲಭ. ನೀವು ಸ್ವತಃ ಇದ್ದು ಬಂದ ಲೋಕವನ್ನೇ ಆರಿಸಿ. ಅಮೆರಿಕದ ಕನ್ನಡಿಗರೂ ಕನ್ನಡದಲ್ಲಿ ಮನಸ್ಸು ಬಿಚ್ಚಲು ಹುಡುಕುತ್ತಾರೆ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಮಾರ್ಚ್ ಮತ್ತು ನವೆಂಬರಿನಲ್ಲಿ ಅವರ ಗಡಿಯಾರ ಬದಲಾಗುವ ವಾರ ಸೆಷನ್ ತಪ್ಪುವುದು ಗ್ಯಾರಂಟಿ, ಹಿಂದಿನ ವಾರವೇ ಎರಡೂ ಕಡೆಯ ಸಮಯ ಬರೆದು ಕಳಿಸಿ.

ಪರಿಚಯದ ಮೊದಲ ಮಾತುಕತೆ, ಅಂದರೆ ಡಿಸ್ಕವರಿ ಕಾಲ್, ಅರ್ಧ ಗಂಟೆ ಸಾಕು, ಅದಕ್ಕೆ ಶುಲ್ಕ ಬೇಡ. ಅದರಲ್ಲಿ ಮಾರಾಟ ಮಾಡಬೇಡಿ. ಈ ವ್ಯಕ್ತಿಗೆ ಬೇಕಿರುವುದು ಕೋಚಿಂಗೇ ಎಂದು ತಿಳಿದುಕೊಳ್ಳುವುದು ಅದರ ಉದ್ದೇಶ. ನಿದ್ದೆ, ಊಟ, ಕೆಲಸದಲ್ಲಿ ಆಸಕ್ತಿ ವಾರಗಟ್ಟಲೆ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ, ಮನೆಯಲ್ಲಿ ಹೊಡೆತ ಇದ್ದರೆ, ಕುಡಿತ ಕೈಮೀರಿದ್ದರೆ ಅದು ನಮ್ಮ ಕೆಲಸ ಅಲ್ಲ. ಹಿಂಜರಿಕೆ ಇಲ್ಲದೆ ಹಾಗೆಂದು ಹೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಮಹಿಳಾ ಸಹಾಯವಾಣಿ 181. ನಿಮ್ಹಾನ್ಸ್ ಹೊರರೋಗಿ ವಿಭಾಗದ ಸಮಯ, ನಿಮ್ಮ ಊರಿನ ಇಬ್ಬರು ಮನೋವೈದ್ಯರು, ಇಬ್ಬರು ಸೈಕಾಲಜಿಸ್ಟ್‌ಗಳ ನಂಬರು ಫೋನಿನಲ್ಲಿ ಇರಲೇಬೇಕು. ಮಾತ್ರೆ ನುಂಗುತ್ತಿರುವವರಿಗೆ ಮಾತ್ರೆಯ ಬಗ್ಗೆ ಒಂದಕ್ಷರವೂ ಹೇಳಬಾರದು. ವೈದ್ಯರ ಚಿಕಿತ್ಸೆಯಲ್ಲಿರುವವರು ಕೋಚಿಂಗ್‌ಗೂ ಬರಬಹುದು; ವೈದ್ಯರಿಗೆ ತಿಳಿಸಿ ಬನ್ನಿ ಎನ್ನಿ. ಈ ಗೆರೆ ದಾಟುವ ಕೋಚ್‌ಗಳಿಂದಲೇ ಈ ವೃತ್ತಿಗೆ ಕೆಟ್ಟ ಹೆಸರು, ಅದರಲ್ಲಿ ಅನ್ಯಾಯ ಏನೂ ಇಲ್ಲ.

ಒಪ್ಪಂದದ ಪತ್ರ ಎರಡು ಪುಟ ಸಾಕು, ಆದರೆ ಇರಲೇಬೇಕು. ಎಷ್ಟು ಸೆಷನ್, ಪ್ರತಿಯೊಂದೂ ಎಷ್ಟು ನಿಮಿಷ, ಶುಲ್ಕ ಯಾವಾಗ, 24 ಗಂಟೆ ಮೊದಲು ತಿಳಿಸದೆ ತಪ್ಪಿಸಿದರೆ ಏನು, ಅರ್ಧಕ್ಕೆ ನಿಲ್ಲಿಸಿದರೆ ವಾಪಸು ಎಷ್ಟು, ರೆಕಾರ್ಡ್ ಮಾಡುವುದಾದರೆ ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತೀರಿ. ಗೋಪ್ಯತೆಗೆ ಎರಡು ಅಪವಾದ ಬರೆದಿರಲಿ: ಜೀವಕ್ಕೆ ಅಪಾಯ, ಕಾನೂನಿನ ಆದೇಶ. ಇದು ಚಿಕಿತ್ಸೆ ಅಲ್ಲ ಎಂಬ ವಾಕ್ಯ ತಪ್ಪಬಾರದು. ಕ್ಲೈಂಟ್ 18 ತುಂಬದವರಾದರೆ ತಂದೆತಾಯಿಯ ಸಹಿ ಬೇಕು. ಪಿಯುಸಿ ಮಕ್ಕಳ ವಿಷಯದಲ್ಲಿ ಹಣ ಕೊಡುವ ಅಪ್ಪ "ಏನಂದ ನಮ್ಮ ಹುಡುಗ?" ಎಂದು ಫೋನ್ ಮಾಡುವುದು ಖಚಿತ. ಏನು ಹೇಳುತ್ತೀರಿ, ಏನು ಹೇಳುವುದಿಲ್ಲ ಎಂಬುದನ್ನು ಮೊದಲ ದಿನವೇ ಇಬ್ಬರ ಮುಂದೆ ಹೇಳಿಬಿಡಿ. ಸೇವೆ ಮಾರುವವರಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮಗೂ ಅನ್ವಯ. "21 ದಿನದಲ್ಲಿ ಬದುಕು ಬದಲು, ಗ್ಯಾರಂಟಿ" ಎಂದು ಪೋಸ್ಟರ್ ಹಾಕುವವರು ಇದನ್ನು ಮರೆತಿರುತ್ತಾರೆ.

ಮೆಂಟರ್ ಕೋಚಿಂಗ್‌ನ ಹತ್ತು ಗಂಟೆಯನ್ನು ಒಂದೇ ವಾರದಲ್ಲಿ ಮುಗಿಸಲು ಬರುವುದಿಲ್ಲ. ಕನಿಷ್ಠ ಮೂರು ತಿಂಗಳು ಹರಡಿರಬೇಕು, ಏಳು ಗಂಟೆಯವರೆಗೆ ಗುಂಪಿನಲ್ಲಿ ಆಗಬಹುದು, ಮೂರಾದರೂ ಗುಂಪಿಲ್ಲದೆ, ಮೆಂಟರ್ ಜೊತೆ ನೀವೊಬ್ಬರೇ ಕೂತು ಆಗಬೇಕು. ಮೆಂಟರ್ ನಿಮ್ಮ ಬದುಕಿನ ಬಗ್ಗೆ ಮಾತಾಡುವುದಿಲ್ಲ, ನಿಮ್ಮ ಸೆಷನ್ ಕೇಳಿ ಸಾಮರ್ಥ್ಯಗಳ ಪಟ್ಟಿ ಹಿಡಿದು ತಿದ್ದುತ್ತಾರೆ. ಇಡೀ ದಾರಿಯಲ್ಲಿ ನಿಜವಾಗಿ ಕಲಿಯುವುದು ಇಲ್ಲಿ. ಇದಕ್ಕೆ ಹೋಗುವ ಮೊದಲು ನಿಮ್ಮದೇ ರೆಕಾರ್ಡಿಂಗ್‌ನ ಇಪ್ಪತ್ತು ನಿಮಿಷವನ್ನು ಪದಪದವಾಗಿ ಕೈಯಾರೆ ಬರೆದುಕೊಳ್ಳಿ, ಯಂತ್ರಕ್ಕೆ ಕೊಡಬೇಡಿ. ನಿಮ್ಮ ಪ್ರಶ್ನೆಗಳ ಕೆಳಗೆ ಗೆರೆ ಎಳೆಯಿರಿ. ಎರಡು ಸಾಲಿಗಿಂತ ಉದ್ದವಾದವು ಎಷ್ಟು, "ಅಲ್ವಾ?" ಎಂದು ಮುಗಿದವು ಎಷ್ಟು, ಕ್ಲೈಂಟ್ ಹೇಳಿದ ಪದವನ್ನೇ ಹಿಡಿದು ಕೇಳಿದ್ದು ಎಷ್ಟು, ಎಣಿಸಿ. ಬೇಸರದ ಕೆಲಸ, ಎರಡು ಗಂಟೆ ಹಿಡಿಯುತ್ತದೆ. ಇನ್ನೊಂದು ಕೋರ್ಸಿಗೆ ದುಡ್ಡು ಸುರಿಯುವುದಕ್ಕಿಂತ ಇದರಲ್ಲಿ ಲಾಭ ಹೆಚ್ಚು.

ಎಸಿಸಿ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 60 ಬಹು ಆಯ್ಕೆಯ ಪ್ರಶ್ನೆಗಳು, 200ರಿಂದ 600ರ ಅಳತೆಯಲ್ಲಿ 460 ಬಂದರೆ ಪಾಸು. ನೀತಿಸಂಹಿತೆ ಮತ್ತು ಸಾಮರ್ಥ್ಯಗಳ ಪಟ್ಟಿಯನ್ನು ನಾಲ್ಕಾರು ಸಲ ಓದಿದವರಿಗೆ ಕಷ್ಟವಿಲ್ಲ. ಕನ್ನಡದಲ್ಲಿ ಬರೆಯುವ ಅವಕಾಶ ಇಲ್ಲ. ಕನ್ನಡದಲ್ಲೇ ನಡೆಸಿದ ಸೆಷನ್ನನ್ನು ಮೌಲ್ಯಮಾಪನಕ್ಕೆ ಕೊಡುವ ಯೋಚನೆ ಇದ್ದರೆ, ಕೇಳುವವರು ಯಾರು, ಇಂಗ್ಲಿಷ್ ಪ್ರತಿ ಬೇಕೇ ಎಂದು ಶಾಲೆಯನ್ನು ಸೇರುವ ಮೊದಲೇ ಕೇಳಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ಕೋಚ್‌ಗಳು ತಮಗೇ ಸುಳ್ಳು ಹೇಳಿಕೊಳ್ಳುತ್ತಾರೆ. ಹತ್ತು ಜನ ಕ್ಲೈಂಟ್, ತಿಂಗಳಿಗೆ ಎರಡೆರಡು ಸೆಷನ್, ತಲಾ 2,000 ರೂಪಾಯಿ: 40,000. ಕೆಲಸ ಬರೀ ಇಪ್ಪತ್ತು ಗಂಟೆ ಎಂದು ಹಿಗ್ಗುವುದು ಬೇಡ. ಸೆಷನ್ನಿನ ಮುಂಚೆ ಹಳೆಯ ಟಿಪ್ಪಣಿ ಓದುವುದು, ಆಮೇಲೆ ಬರೆಯುವುದು, ಸಮಯ ಬದಲಾಯಿಸುವ ಮೆಸೇಜುಗಳು, ಎಲ್ಲ ಸೇರಿ ಒಂದು ಗಂಟೆಗೆ ಇನ್ನೊಂದು ಮುಕ್ಕಾಲು ಗಂಟೆ ಕೂಡುತ್ತದೆ. ಆರು ಸೆಷನ್ ಮುಗಿಸಿ ಹೊರಡುವವರ ಜಾಗಕ್ಕೆ ಪ್ರತಿ ತಿಂಗಳೂ ಮೂವರು ನಾಲ್ವರು ಹೊಸಬರನ್ನು ತರಬೇಕು, ಅದಕ್ಕೆ ಡಿಸ್ಕವರಿ ಕಾಲ್‌ಗಳು, ಬರಹಗಳು, ಉಚಿತ ಭಾಷಣಗಳು. ದಿನಕ್ಕೆ ನಾಲ್ಕು ಸೆಷನ್ ಮೀರಿದರೆ ಐದನೆಯವರ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ.

ಒಂದೊಂದೇ ಸೆಷನ್ ಮಾರಬೇಡಿ, ಆರು ಅಥವಾ ಎಂಟರ ಕಟ್ಟು ಮಾಡಿ. ಕ್ಲೈಂಟ್ ಎರಡನೇ ಸೆಷನ್ನಿಗೆ ಮನಸ್ಸು ಹಗುರವಾಯಿತೆಂದು ನಿಲ್ಲಿಸುವುದು ಸಾಮಾನ್ಯ, ನಿಜವಾದ ಬದಲಾವಣೆ ಕಾಣುವುದು ನಾಲ್ಕು, ಐದರ ಹೊತ್ತಿಗೆ. ಶುಲ್ಕ ಏರಿಸುವುದು ಹೊಸ ಕ್ಲೈಂಟ್‌ಗಳಿಂದ ಶುರುವಾಗಲಿ, ಹಳಬರ ಕಟ್ಟು ಮುಗಿಯುವವರೆಗೆ ಹಳೆಯ ದರವೇ ಇರಲಿ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ದರ ಶೇ. 18.

ಕಂಪನಿಗಳ ಕೆಲಸದಲ್ಲಿ ದರ ಚೆನ್ನಾಗಿರುತ್ತದೆ, ತಲೆನೋವೂ ಹಾಗೆಯೇ. ಸೆಷನ್ನಿಗೆ ಕೂರುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು, ಫಲ ನಿರೀಕ್ಷಿಸುವ ಬಾಸ್ ಮೂರನೆಯವರು. ಮೂವರನ್ನೂ ಒಂದೇ ಮೇಜಿಗೆ ಕೂರಿಸಿ ಗುರಿ ಬರೆದುಕೊಳ್ಳದೆ ಮೊದಲ ಸೆಷನ್ ಮಾಡಬೇಡಿ. ವರದಿಯಲ್ಲಿ ಹಾಜರಾತಿ ಮತ್ತು ಒಪ್ಪಿದ ಗುರಿಯತ್ತ ಸಾಗಿದ ದೂರ ಮಾತ್ರ ಇರುತ್ತದೆ, ಅದೂ ಕ್ಲೈಂಟ್ ಓದಿದ ಮೇಲೆ ಎಂದು ಅಲ್ಲಿಯೇ ಹೇಳಿ. "ಇವರನ್ನು ಸರಿ ಮಾಡಿಕೊಡಿ" ಎಂಬ ಧಾಟಿಯಲ್ಲಿ ಕಳಿಸಿದವರನ್ನು ಒಪ್ಪಿಕೊಳ್ಳಬೇಡಿ. ಅಂಥ ಕಡೆ ಆ ವ್ಯಕ್ತಿಯನ್ನು ಕೆಲಸದಿಂದ ತೆಗೆಯುವ ತೀರ್ಮಾನ ಆಗಲೇ ಆಗಿರುತ್ತದೆ, ಕೋಚಿಂಗ್ ಕಾಗದಕ್ಕಷ್ಟೇ. ಬಿಲ್ಲಿನಲ್ಲಿ ಟಿಡಿಎಸ್ ಕಡಿತ ಇರುತ್ತದೆ, ಹಣ ಬರಲು ಎರಡು ಮೂರು ತಿಂಗಳು ಹಿಡಿಯುವುದು ಮಾಮೂಲು. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಉಚಿತ, ಮಾಡಿಸಿಟ್ಟುಕೊಳ್ಳಿ. ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಇದ್ದರೂ 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ. ಅಕೌಂಟ್ಸ್ ವಿಭಾಗಕ್ಕೆ ಬರೆಯುವ ಇಮೇಲಿನಲ್ಲಿ ನಿಮ್ಮ ಉದ್ಯಮ್ ನಂಬರ್ ಇದ್ದರೆ ಫೈಲು ಬೇಗ ಅಲುಗಾಡುತ್ತದೆ.

ಎಸಿಸಿ ಬಂದ ಮೇಲೂ ಪುಸ್ತಕ ಮುಚ್ಚುವಂತಿಲ್ಲ. ಮೂರು ವರ್ಷಕ್ಕೊಮ್ಮೆ ನವೀಕರಣ: 40 ಗಂಟೆ ಮುಂದುವರಿದ ಶಿಕ್ಷಣ, ಅದರಲ್ಲಿ 24 ಗಂಟೆಯಾದರೂ ಸಾಮರ್ಥ್ಯಗಳ ಮೇಲೆ, 3 ಗಂಟೆ ನೀತಿಸಂಹಿತೆಯ ಮೇಲೆ. ಎಸಿಸಿಯಾಗಿಯೇ ಉಳಿಯುವವರು ಇನ್ನೂ 10 ಗಂಟೆ ಮೆಂಟರ್ ಕೋಚಿಂಗ್ ಮಾಡಿಸಿಕೊಳ್ಳಬೇಕು. ಕೊನೆಯ ತಿಂಗಳಿಗೆ ಬಿಟ್ಟರೆ ಸಿಕ್ಕಿದ ವೆಬಿನಾರಿಗೆಲ್ಲ ಕೂರಬೇಕಾಗುತ್ತದೆ, ಮೆಂಟರ್ ಕೋಚಿಂಗ್‌ಗೆ ಬೇಕಾದ ಮೂರು ತಿಂಗಳೂ ಸಿಗುವುದಿಲ್ಲ. ಎರಡನೇ ವರ್ಷದಲ್ಲೇ ಶುರು ಮಾಡಿ, ಅಷ್ಟರಲ್ಲಿ ಲಾಗ್ 250 ಗಂಟೆ ದಾಟಿದ್ದರೆ ನವೀಕರಣದ ಬದಲು 500 ತುಂಬಿಸಿ ನೇರ ಪಿಸಿಸಿಗೆ ಹೋಗುವುದೇ ಲಾಭವೇನೋ ಎಂದು ನಿಮ್ಮ ಮೆಂಟರ್ ಜೊತೆ ಕೂತು ಲೆಕ್ಕ ಹಾಕಿ.